ಗಣಿಯ ಗಸಿಕಟ್ಟೆ: ಏರಿಯ ಕೆಳಗಿನವರು ತಿಳಿದಿರಬೇಕಾದ ಸಂಗತಿ



ಬಿತ್ತನೆ, ಗೊಬ್ಬರ, ಕೀಟ, ದನಕರು - ಇವುಗಳ ಮಾತನ್ನು ಈ ದಿನ ಸ್ವಲ್ಪ ಬದಿಗಿಟ್ಟು ಗಣಿಯ ಒಂದು ಸಂಗತಿಯನ್ನು ನಿಮ್ಮ ಮುಂದಿಡುತ್ತೇನೆ. "ಗಣಿಗೂ ನಮ್ಮ ಬೇಸಾಯಕ್ಕೂ ಏನು ಸಂಬಂಧ ಸ್ವಾಮಿ?" ಎಂದು ನೀವು ಕೇಳಬಹುದು. ಸಂಬಂಧ ಇದೆ. ಗಣಿ ಇರುವುದು ಗುಡ್ಡದ ಮೇಲೆ. ಗದ್ದೆ, ತೋಟ, ಬಾವಿ, ಊರು ಇರುವುದು ಗುಡ್ಡದ ಕೆಳಗೆ. ಗಣಿಯವರು ಮೇಲೆ ಒಂದು ಏರಿ ಕಟ್ಟಿದರೆ ಅದರ ಭಾರವನ್ನು ಹೊರುವವರು ಕೆಳಗಿನವರು. ಕೆರೆಯ ಏರಿಯ ಗುಣದೋಷ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಆ ತಿಳಿವಳಿಕೆಯನ್ನೇ ಆಧಾರ ಮಾಡಿಕೊಂಡು ಗಣಿಯ ಏರಿಯನ್ನು ಅರ್ಥಮಾಡಿಕೊಳ್ಳೋಣ.

ಗಸಿ ಎಂದರೇನು?

ಮನೆಯಲ್ಲಿ ಬೆಣ್ಣೆ ಕಾಯಿಸಿದಾಗ ತುಪ್ಪ ಮೇಲೆ ನಿಲ್ಲುತ್ತದೆ, ತಳದಲ್ಲಿ ಗಸಿ ಉಳಿಯುತ್ತದೆ. ಗಣಿಯಲ್ಲೂ ಹಾಗೆಯೇ. ಅಗೆದು ತಂದ ಕಲ್ಲನ್ನು ಹಿಟ್ಟಿನಂತೆ ನುಣ್ಣಗೆ ಅರೆಯುತ್ತಾರೆ. ನೀರು ಸೇರಿಸಿ, ಕಬ್ಬಿಣವೋ ತಾಮ್ರವೋ ಚಿನ್ನವೋ ಬೇಕಾದ್ದನ್ನು ಬೇರ್ಪಡಿಸಿಕೊಳ್ಳುತ್ತಾರೆ. ಮಿಕ್ಕದ್ದು ನುಣುಪಾದ ಕಲ್ಲುಪುಡಿ ಮತ್ತು ನೀರು ಬೆರೆತ ತೆಳು ಕೆಸರು. ಇಂಗ್ಲಿಷಿನಲ್ಲಿ ಇದನ್ನು ಟೈಲಿಂಗ್ಸ್ ಎನ್ನುತ್ತಾರೆ. ನಾವು ಗಸಿ ಎಂದೇ ಕರೆಯೋಣ.

ತುಪ್ಪದ ಗಸಿ ಒಂದು ಚಮಚ. ಗಣಿಯ ಗಸಿ ಹಾಗಲ್ಲ, ಬೇಕಾದ ಸರಕಿಗಿಂತ ಬೇಡದ ಸರಕೇ ಹೆಚ್ಚು. ಕಬ್ಬಿಣದ ಬಡ ಅದಿರಾದರೆ ಅರ್ಧಕ್ಕಿಂತ ಹೆಚ್ಚು ಪಾಲು ಗಸಿಯಾಗಬಹುದು. ಚಿನ್ನದ ಗಣಿಯಲ್ಲಿ ಒಂದು ಟನ್ನು ಕಲ್ಲು ಅರೆದರೆ ಸಿಕ್ಕುವುದು ಕೆಲವು ಗ್ರಾಮು ಚಿನ್ನ. ಉಳಿದ ಇಡೀ ಟನ್ನು ಗಸಿ. ಕೋಲಾರದ ಕಡೆಯವರು ಕೆ.ಜಿ.ಎಫ್.ನ ಸೈನೈಡ್ ದಿಬ್ಬಗಳನ್ನು ನೋಡಿಯೇ ಇರುತ್ತೀರಿ. ಒಂದು ಶತಮಾನಕ್ಕೂ ಮೀರಿ ನಡೆದ ಆ ಗಣಿ 2001ರಲ್ಲಿ ಮುಚ್ಚಿತು. ದಿಬ್ಬಗಳು ಮಾತ್ರ ಉಳಿದವು. ಅವು ಒಣಗಿದ ಗಸಿ. ಹಸಿ ಗಸಿಯನ್ನು ಹಾಗೆ ರಾಶಿ ಹಾಕಲಾಗದು, ಹರಿದುಹೋಗುತ್ತದೆ. ಆದ್ದರಿಂದ ಎರಡು ಗುಡ್ಡಗಳ ನಡುವಿನ ಕಣಿವೆಗೆ ಅಡ್ಡಲಾಗಿ ಏರಿ ಹಾಕಿ ಅದರ ಹಿಂದೆ ತುಂಬುತ್ತಾರೆ. ಇದೇ ಗಸಿಕಟ್ಟೆ.

ಕೆರೆ ಏರಿಗೂ ಗಸಿಕಟ್ಟೆಗೂ ಇರುವ ವ್ಯತ್ಯಾಸ

ಮೊದಲನೆಯದು, ಕೆರೆಯ ಏರಿಯನ್ನು ಒಂದು ಸಲ ಕಟ್ಟಿ ಮುಗಿಸುತ್ತಾರೆ. ಗಸಿಕಟ್ಟೆ ಮುಗಿಯುವುದೇ ಇಲ್ಲ. ಗಣಿ ನಡೆಯುವಷ್ಟು ಕಾಲವೂ ಗಸಿ ಬರುತ್ತಲೇ ಇರುತ್ತದೆ, ಏರಿಯನ್ನು ಎತ್ತರಿಸುತ್ತಲೇ ಹೋಗಬೇಕು. ಹತ್ತು, ಇಪ್ಪತ್ತು, ನಲವತ್ತು ವರ್ಷ. ಅಷ್ಟರಲ್ಲಿ ಕಟ್ಟಿದ ಎಂಜಿನಿಯರು ಬದಲಾಗುತ್ತಾನೆ, ಕಂಪನಿಯ ಒಡೆತನವೂ ಬದಲಾಗುತ್ತದೆ. ಏರಿಯ ಹೊಟ್ಟೆಯೊಳಗೆ ಏನಿದೆ ಎಂಬುದು ಕಾಗದದಲ್ಲಿ ಬರೆದಿಟ್ಟಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಎರಡನೆಯದು, ಕೆರೆಯನ್ನು ಬೇಕೆಂದಾಗ ತೂಬೆತ್ತಿ ಬರಿದುಮಾಡಬಹುದು. ಗಸಿಯನ್ನು ಹಾಗೆ ಖಾಲಿ ಮಾಡಲು ಬರುವುದಿಲ್ಲ. ಗಣಿ ನಿಂತ ಮೇಲೂ ಅದು ಅಲ್ಲೇ ಇರುತ್ತದೆ, ನಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ.

ಮೂರನೆಯದು, ಕೆರೆಯಿಂದ ಊರಿಗೆ ನೀರು ಬರುತ್ತದೆ. ಆದ್ದರಿಂದ ಊರೇ ಅದನ್ನು ಕಾಯುತ್ತದೆ. ಗಸಿಕಟ್ಟೆಯಿಂದ ಯಾರಿಗೂ ಲಾಭವಿಲ್ಲ. ಗಣಿಯ ಯಜಮಾನನಿಗೂ ಅದು ಖರ್ಚಿನ ಬಾಬ್ತು. ಲಾಭವಿಲ್ಲದ ಕಡೆ ದುಡ್ಡು ಉಳಿಸುವ ಆಸೆ ಮನುಷ್ಯನಿಗೆ ಸಹಜ. ಅಪಾಯದ ಬೇರು ಇಲ್ಲಿದೆ.

ದುಡ್ಡು ಉಳಿಸುವ ಕ್ರಮ ಯಾವುದು ಎಂದರೆ, ಕೇಳಿ. ಏರಿ ಎತ್ತರಿಸುವುದಕ್ಕೆ ಮುಖ್ಯವಾಗಿ ಮೂರು ದಾರಿ ಇವೆ. ಹೊರಮುಖವಾಗಿ, ಅಂದರೆ ಏರಿಯ ಹೊರಬದಿಗೆ ಗಟ್ಟಿ ಮಣ್ಣು ಕಲ್ಲು ಪೇರಿಸುತ್ತಾ ಬುಡವನ್ನೂ ಅಗಲಿಸುತ್ತಾ ಏರಿಸುವುದು ಒಂದು. ಇದು ಭದ್ರ, ಆದರೆ ಮಣ್ಣೂ ಜಾಗವೂ ಹೆಚ್ಚು ಬೇಕು. ಹಳೆಯ ಏರಿಯ ನೆತ್ತಿಯ ಮೇಲೇ ನೇರವಾಗಿ ಏರಿಸುವುದು ಎರಡನೆಯದು, ಇದು ನಡುತರ. ಮೂರನೆಯದು ಒಳಮುಖವಾಗಿ ಏರಿಸುವುದು. ಹಿಂದೆ ತುಂಬಿರುವ ಗಸಿಯ ಅಂಚು ಸ್ವಲ್ಪ ಆರಿತು ಅಂದ ಕೂಡಲೆ ಅದರ ಮೇಲೆಯೇ ಹೊಸ ಏರಿ ಕೂರಿಸುವುದು. ಮೆಟ್ಟಿಲು ಮೆಟ್ಟಿಲಾಗಿ ಏರಿ ಒಳಕ್ಕೆ ಸರಿಯುತ್ತಾ ಮೇಲೇರುತ್ತದೆ. ಮಣ್ಣು ಕಡಿಮೆ, ಖರ್ಚೂ ಕಡಿಮೆ. ಆದರೆ ನೋಡಿ, ಹೊಸ ಏರಿಯ ತಳಪಾಯ ಯಾವುದು? ಗಸಿ! ಗದ್ದೆಯ ಕೆಸರು ಮೇಲೆ ಕೆನೆಗಟ್ಟಿದೆ ಎಂದು ಅದರ ಮೇಲೆ ಗೋಡೆ ಎಬ್ಬಿಸುವ ಧೈರ್ಯ ನಮ್ಮಲ್ಲಿ ಯಾರಿಗಿದೆ? ಮಳೆ ಕಡಿಮೆ ಇದ್ದು, ನೆಲ ನಡುಗದೆ, ನೀರನ್ನು ಚೆನ್ನಾಗಿ ಬಸಿದು ತೆಗೆದರೆ ಇಂಥ ಏರಿಯೂ ನಿಲ್ಲುತ್ತದೆ. ಒಂದು ತಪ್ಪಿದರೆ ಕಷ್ಟ. ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ 1965ರ ಮಾರ್ಚಿಯಲ್ಲಿ ಭೂಕಂಪವಾಗಿ ಎಲ್ ಕೋಬ್ರೆ ಎಂಬಲ್ಲಿನ ಗಸಿಕಟ್ಟೆ ಒಡೆದು 200ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿನ ಸರ್ಕಾರ 1970ರಲ್ಲಿ ಈ ಒಳಮುಖ ಏರಿಗಳನ್ನೇ ನಿಷೇಧಿಸಿತು.

ನೀರೇ ವೈರಿ

ಗಸಿಕಟ್ಟೆ ಹೇಗೆ ಕುಸಿಯುತ್ತದೆ? ಹೊಳೆಯ ದಂಡೆಯಲ್ಲಿ ಹಸಿ ಮರಳಿನ ಮೇಲೆ ನಿಂತು ನೋಡಿ. ಮೊದಲು ಗಟ್ಟಿಯಾಗಿಯೇ ಇರುತ್ತದೆ. ನಿಂತಲ್ಲೇ ಕಾಲು ಕುಣಿಸಿ, ಕ್ಷಣದಲ್ಲಿ ಮರಳು ಅಂಬಲಿಯಂತಾಗಿ ಪಾದ ಒಳಗಿಳಿಯುತ್ತದೆ. ಮರಳಿನ ಕಣಗಳು ಒಂದಕ್ಕೊಂದು ಒತ್ತಿ ಕುಳಿತಿರುವಷ್ಟು ಕಾಲ ಅದಕ್ಕೆ ಬಲ. ನಡುವೆ ತುಂಬಿದ ನೀರು ಕಣಗಳನ್ನು ದೂರ ತಳ್ಳಿದರೆ ಬಲವೆಲ್ಲ ಹೋಗಿ ಅದು ದ್ರವವಾಗುತ್ತದೆ. ಸಡಿಲವಾಗಿ ಕುಳಿತ ನೀರು ತುಂಬಿದ ಗಸಿಯ ಗುಣವೂ ಇದೇ. ಕುಣಿಸುವುದಕ್ಕೆ ಭೂಕಂಪವೇ ಬೇಕೆಂದಿಲ್ಲ. ತನ್ನ ಭಾರಕ್ಕೇ ನಿಧಾನವಾಗಿ ಜರುಗುತ್ತಾ, ಮಳೆಯ ನೀರು ಒಳಗಿಳಿಯುತ್ತಾ, ಒಂದು ದಿನ ಇದ್ದಕ್ಕಿದ್ದಂತೆ ಇಡೀ ಗುಡ್ಡವೇ ಅಂಬಲಿಯಾಗಬಹುದು.

ಇದು ಊಹೆಯ ಮಾತಲ್ಲ. ಬ್ರೆಜಿಲ್ ದೇಶದಲ್ಲಿ ಬ್ರುಮಾಡಿನ್ಯೊ ಎಂಬ ಊರಿದೆ. ಅದರ ಪಕ್ಕದ ಕಬ್ಬಿಣದ ಗಣಿಯಲ್ಲಿ 1976ರಲ್ಲಿ ಒಂದು ಗಸಿಕಟ್ಟೆ ಆರಂಭವಾಯಿತು. ಒಳಮುಖವಾಗಿ ಏರಿಸುತ್ತಾ ಹೋಗಿ 2013ರ ಹೊತ್ತಿಗೆ 86 ಮೀಟರ್ ಎತ್ತರವಾಯಿತು, ಅಂದರೆ ಸುಮಾರು 280 ಅಡಿ. ನಡುವೆ 2001ರಲ್ಲಿ ಗಣಿ ವಾಲೆ ಎಂಬ ದೊಡ್ಡ ಕಂಪನಿಯ ಕೈಗೆ ಬಂತು. 2016ರಿಂದ ಆ ಕಟ್ಟೆಗೆ ಗಸಿ ಬಿಡುವುದನ್ನೇ ನಿಲ್ಲಿಸಿದ್ದರು. ಮೇಲೆ ಹುಲ್ಲು ಬೆಳೆದಿತ್ತು. ಹೊರಗಿನಿಂದ ನೋಡಿದವರಿಗೆ ಅದೊಂದು ಹಸಿರು ಗುಡ್ಡ. ಕಟ್ಟೆಯ ಕೆಳಗೇ ಗಣಿಯ ಕಚೇರಿ, ಕೆಲಸಗಾರರ ಊಟದ ಮನೆ.

2019ರ ಜನವರಿ 25, ಶುಕ್ರವಾರ. ಮಧ್ಯಾಹ್ನ 12 ಗಂಟೆ 28 ನಿಮಿಷ. ಜನ ಊಟಕ್ಕೆ ಕುಳಿತ ಹೊತ್ತು. ಏರಿಯ ಮೈ ಒಮ್ಮೆಗೇ ಕುಸಿಯಿತು. ಕೋಟಿ ಘನ ಮೀಟರಿನಷ್ಟು ಕೆಸರು, ಅದರ ಬಹುಪಾಲು ಐದು ನಿಮಿಷದೊಳಗೆ, ಕಣಿವೆಗೆ ಇಳಿಯಿತು. ಊಟದ ಮನೆ ಹೋಯಿತು, ಕಚೇರಿ ಹೋಯಿತು, ರೈಲಿನ ಸೇತುವೆ ಹೋಯಿತು, ಕೆಳಗಿನ ಮನೆ ತೋಟಗಳು ಹೋದವು. 270 ಜನ ತೀರಿಕೊಂಡರು. ಅವರಲ್ಲಿ ಇಬ್ಬರು ಬಸುರಿಯರಿದ್ದರು. ಆ ಎರಡು ಹೊಟ್ಟೆಯ ಕೂಸುಗಳನ್ನೂ ಸೇರಿಸಿ 272 ಎಂದೇ ಮನೆಯವರು ಲೆಕ್ಕ ಹೇಳುತ್ತಾರೆ. ಅಪಾಯದ ಸೈರನ್ ಇತ್ತು, ಆದರೆ ಅದು ಕೂಗಲಿಲ್ಲ. ಕೆಸರಿನಲ್ಲಿ ದೇಹಗಳಿಗಾಗಿ ವರ್ಷಗಟ್ಟಲೆ ಹುಡುಕಿದರು.

ಆಮೇಲೆ ತಜ್ಞರ ಸಮಿತಿಯೊಂದು ಕಾರಣ ಹುಡುಕಿ 2019ರ ಡಿಸೆಂಬರಿನಲ್ಲಿ ವರದಿ ಕೊಟ್ಟಿತು. ಏರಿಯ ಇಳಿಜಾರು ತೀರ ಕಡಿದಾಗಿತ್ತು. ಒಳಗಿನ ನೀರು ಬಸಿದು ಹೋಗಲು ಸಾಕಷ್ಟು ದಾರಿ ಇರಲಿಲ್ಲ. ಹಿಂದೆ ಕೆಲವು ಕಾಲ ನೀರನ್ನು ಏರಿಯ ನೆತ್ತಿಯ ಹತ್ತಿರವೇ ನಿಲ್ಲಲು ಬಿಟ್ಟಿದ್ದರಿಂದ ನುಣ್ಣನೆಯ, ಬಲವಿಲ್ಲದ ಗಸಿ ಅಲ್ಲೇ ಕುಳಿತು, ಮೇಲಿನ ಏರಿಗಳಿಗೆ ಅದೇ ತಳಪಾಯವಾಗಿತ್ತು. ಮಳೆಗಾಲದ ಜೋರು ಮಳೆ ಉಳಿದಿದ್ದ ಬಲವನ್ನೂ ಕರಗಿಸಿತು. ಇವೆಲ್ಲ ಒಂದು ದಿನದಲ್ಲಿ ಆದ ತಪ್ಪಲ್ಲ, ನಲವತ್ತು ವರ್ಷದಿಂದ ಒಂದೊಂದಾಗಿ ಸೇರಿದ್ದು. ಇನ್ನೊಂದು ಮಾತನ್ನೂ ಸಮಿತಿ ಹೇಳಿತು: ಕುಸಿಯುವ ಮೊದಲು ಅಳತೆಯ ಯಂತ್ರಗಳಿಗೆ ಸಿಕ್ಕುವಂಥ ಮುನ್ಸೂಚನೆ ಯಾವುದೂ ಕಾಣಲಿಲ್ಲ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ನೀರುಗಂಟಿ ಯಾರ ಸಂಬಳದವನು?

"ಇಷ್ಟು ದೊಡ್ಡ ಏರಿಯನ್ನು ಯಾರೂ ಪರೀಕ್ಷೆ ಮಾಡಿರಲಿಲ್ಲವೆ?" ಎಂದು ನೀವು ಕೇಳಬಹುದು. ಮಾಡಿದ್ದರು. ನಾಲ್ಕೇ ತಿಂಗಳ ಹಿಂದೆ, 2018ರ ಸೆಪ್ಟೆಂಬರಿನಲ್ಲಿ, ಟುಫ್ ಸುಡ್ ಎಂಬ ಜರ್ಮನಿಯ ಹೆಸರಾಂತ ಸಂಸ್ಥೆಯ ಬ್ರೆಜಿಲ್ ಶಾಖೆ ಏರಿ ಭದ್ರವಾಗಿದೆ ಎಂದು ಬರೆದುಕೊಟ್ಟಿತ್ತು.

ಆದರೆ ಲೆಕ್ಕ ಏನು ಹೇಳುತ್ತಿತ್ತು? ಏರಿಯ ಭದ್ರತೆಗೆ ಎಂಜಿನಿಯರುಗಳು ಒಂದು ಅಂಕಿ ಇಡುತ್ತಾರೆ. ತಡೆಯುವ ಬಲ, ತಳ್ಳುವ ಬಲ ಎರಡೂ ಸಮವಾದರೆ ಅಂಕಿ 1, ಅಂದರೆ ಬಿದ್ದೇ ಬೀಳುವ ಅಂಚು. ಇಂಥ ಗಸಿ ಇದ್ದಕ್ಕಿದ್ದಂತೆ ಬಲ ಕಳೆದುಕೊಳ್ಳುವ ಸಂದರ್ಭಕ್ಕೆ ತಜ್ಞರು ಸಾಮಾನ್ಯವಾಗಿ 1.3 ಆದರೂ ಇರಲಿ ಎನ್ನುತ್ತಾರೆ. ಈ ಏರಿಗೆ ಬಂದ ಅಂಕಿ 1.09. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ನೂರು ಮೂಟೆಗೆ ಅಚ್ಚು ಮುರಿಯುವ ಗಾಡಿಗೆ ಎಪ್ಪತ್ತೇಳು ಮೂಟೆ ಹೇರಬೇಕಾದ ಕಡೆ ತೊಂಬತ್ತೆರಡು ಹೇರಿದ ಹಾಗೆ. ರಸ್ತೆಯಲ್ಲಿ ಒಂದು ಗುಂಡಿ ಸಿಕ್ಕರೆ ಮುಗಿಯಿತು. ಆದರೂ ಭದ್ರ ಎಂಬ ಕಾಗದಕ್ಕೆ ರುಜು ಬಿತ್ತು. ಯಾಕೆ? ಪರೀಕ್ಷೆ ಮಾಡುವ ಸಂಸ್ಥೆಯನ್ನು ಆರಿಸಿದ್ದು ಗಣಿ ಕಂಪನಿ, ಹಣ ಕೊಡುತ್ತಿದ್ದುದೂ ಗಣಿ ಕಂಪನಿ.

ಇದು ಒಂದೇ ಊರಿನ ಕಥೆಯಲ್ಲ. ಅಮೆರಿಕದ ಬಫಲೋ ಕ್ರೀಕ್ ಕಣಿವೆಯಲ್ಲಿ 1972ರ ಫೆಬ್ರವರಿ 26ರಂದು ಕಲ್ಲಿದ್ದಲು ಗಣಿಯ ಗಸಿಕಟ್ಟೆ ಒಡೆದು 125 ಜನ ಸತ್ತರು. ಅದಕ್ಕೆ ನಾಲ್ಕು ದಿನ ಮುಂಚೆ ಸರ್ಕಾರದ ತನಿಖಾಧಿಕಾರಿಯೊಬ್ಬರು ನೋಡಿ ತೃಪ್ತಿಕರ ಎಂದು ಬರೆದಿದ್ದರು. ಇಟಲಿಯ ಸ್ತಾವಾ ಕಣಿವೆಯಲ್ಲಿ 1985ರ ಜುಲೈ 19ರಂದು ಮೇಲೊಂದು ಕೆಳಗೊಂದು ಇದ್ದ ಎರಡು ಗಸಿಕಟ್ಟೆಗಳು ಒಡೆದು 268 ಜನ ಹೋದರು. ಬ್ರುಮಾಡಿನ್ಯೊ ಇರುವ ಅದೇ ಪ್ರಾಂತ್ಯದಲ್ಲಿ 2015ರ ನವೆಂಬರ್ 5ರಂದು ಫುಂಡಾವ್ ಎಂಬ ಗಸಿಕಟ್ಟೆ ಒಡೆದು 19 ಜನ ಸತ್ತಿದ್ದರು. ಕೆಸರು ದೋಸೆ ಎಂಬ ನದಿಯುದ್ದಕ್ಕೂ 600 ಕಿಲೋಮೀಟರಿಗೂ ಹೆಚ್ಚು ಹರಿದು ಸಮುದ್ರ ಮುಟ್ಟಿತು. ಅದಾಗಿ ಮೂರೇ ವರ್ಷ ಚಿಲ್ಲರೆಗೆ ಬ್ರುಮಾಡಿನ್ಯೊ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, 2020ರ ಸೆಪ್ಟೆಂಬರಿನಲ್ಲಿ ಬ್ರೆಜಿಲ್ ಸರ್ಕಾರ ಒಳಮುಖ ಏರಿಗಳನ್ನು ಕಾನೂನಿನಿಂದ ನಿಷೇಧಿಸಿತು.

ನಮ್ಮ ಹಿಂದಿನವರು ಕೆರೆಗೆ ನೀರುಗಂಟಿಯನ್ನು ಇಡುತ್ತಿದ್ದರು. ಏರಿಯಲ್ಲಿ ಇಲಿಬಿಲ ಬಿದ್ದರೆ, ತೂಬಿನ ಪಕ್ಕ ನೀರು ಜಿನುಗಿದರೆ, ಕೋಡಿಗೆ ಮರ ಅಡ್ಡ ಬಿದ್ದರೆ ಕೂಗಿ ಹೇಳುವುದು ಅವನ ಕೆಲಸ. ಅವನಿಗೆ ಕಾಳುಕಡ್ಡಿ ಕೊಡುತ್ತಿದ್ದವರು ಅಚ್ಚುಕಟ್ಟಿನ ರೈತರೆಲ್ಲ ಸೇರಿ. ಯಾರೋ ಒಬ್ಬ ದೊಡ್ಡ ಹಿಡುವಳಿದಾರ ಕೊಡುತ್ತಿರಲಿಲ್ಲ. ಆದ್ದರಿಂದ ಅವನು ಯಾರ ಮುಲಾಜಿಗೂ ಬೀಳದೆ ಹೇಳಬಹುದಾಗಿತ್ತು. ತಪ್ಪಿದರೆ ಊರು ಅವನನ್ನು ಕೇಳುತ್ತಿತ್ತು. ಗಸಿಕಟ್ಟೆಯ ವಿಷಯದಲ್ಲಿ ಪ್ರಪಂಚ ಕಲಿಯುತ್ತಿರುವ ಪಾಠವೂ ಇದೇ: ಏರಿಯನ್ನು ನೋಡುವವನು ಏರಿಯ ಯಜಮಾನನ ಆಳಾಗಿರಬಾರದು. ಅವನ ಮಾತು ಏರಿಯ ಕೆಳಗಿರುವವರ ಕಿವಿಗೂ ಬೀಳಬೇಕು.

2020ರ ಆಗಸ್ಟಿನಲ್ಲಿ ವಿಶ್ವಸಂಸ್ಥೆಯ ಪರಿಸರ ವಿಭಾಗ, ದೊಡ್ಡ ಗಣಿ ಕಂಪನಿಗಳ ಒಕ್ಕೂಟ ಮತ್ತು ಬಂಡವಾಳ ಹೂಡುವವರ ಒಕ್ಕೂಟ ಸೇರಿ ಗಸಿಕಟ್ಟೆಗಳಿಗೆ ಒಂದು ಜಾಗತಿಕ ನಿಯಮಾವಳಿ ಹೊರಡಿಸಿದವು. ಪ್ರತಿ ಕಟ್ಟೆಗೂ ಹೊಣೆ ಹೊರುವ ಒಬ್ಬ ಹಿರಿಯ ಅಧಿಕಾರಿ ಹೆಸರಿಟ್ಟು ಇರಬೇಕು. ಕಟ್ಟೆಯ ಜಾತಕವೆಲ್ಲ ತಿಳಿದ ಒಬ್ಬ ಜವಾಬ್ದಾರಿ ಎಂಜಿನಿಯರು ಇರಬೇಕು. ಹೊರಗಿನ ಸ್ವತಂತ್ರ ತಜ್ಞರು ಕಾಲಕಾಲಕ್ಕೆ ಪರಿಶೀಲಿಸಬೇಕು. ಒಡೆದರೆ ಕೆಸರು ಎಲ್ಲಿಯವರೆಗೆ ಬರುತ್ತದೆ ಎಂದು ಮೊದಲೇ ಲೆಕ್ಕ ಹಾಕಿರಬೇಕು. ಕೆಳಗಿನ ಜನರ ಜೊತೆ ಕುಳಿತು ಪಾರಾಗುವ ಯೋಜನೆ ಮಾಡಬೇಕು. ಮುಖ್ಯ ವಿವರಗಳನ್ನು ಬಹಿರಂಗ ಮಾಡಬೇಕು. ಇದು ಕಾನೂನಲ್ಲ, ಒಪ್ಪಿಕೊಂಡ ಕಂಪನಿಗಳಿಗೆ ಮಾತ್ರ ಅನ್ವಯ. ಆದರೂ ಏನು ಕೇಳಬೇಕು ಎಂಬುದಕ್ಕೆ ಇದು ನಮಗೆ ಒಳ್ಳೆಯ ಪಟ್ಟಿ.

ಹೊಲಕ್ಕೆ ನುಗ್ಗಿದರೆ?

ಪ್ರಾಣ ಉಳಿದರೂ ಭೂಮಿ ಉಳಿಯುತ್ತದೆಯೇ ಎಂಬುದು ರೈತನ ಪ್ರಶ್ನೆ. ಸ್ಪೇನ್ ದೇಶದ ಸೆವಿಲ್ ನಗರದ ಹತ್ತಿರ ಅಸ್ನಾಲ್ಕೋಯಾರ್ ಎಂಬಲ್ಲಿ 1998ರ ಏಪ್ರಿಲ್ 25ರಂದು ಗಸಿಕಟ್ಟೆಯೊಂದು ತಳದ ಜೇಡಿಯ ಮೇಲೆ ಜಾರಿ ಒಡೆಯಿತು. ಒಬ್ಬರೂ ಸಾಯಲಿಲ್ಲ. ಆದರೆ ಗ್ವಾದಿಯಾಮರ್ ಎಂಬ ನದಿಯ ಎರಡೂ ದಂಡೆಯಲ್ಲಿ 4,000 ಹೆಕ್ಟೇರಿಗೂ ಹೆಚ್ಚು, ಅಂದರೆ ಹತ್ತು ಸಾವಿರ ಎಕರೆ ಜಮೀನಿಗೆ ಕೆಸರೂ ಹುಳಿನೀರೂ ಹರಡಿತು. ಅದರಲ್ಲಿ ಸತು, ಸೀಸ, ಪಾಷಾಣದ ಅಂಶಗಳಿದ್ದವು. ಬೆಳೆಯನ್ನು ಯಾರೂ ಮುಟ್ಟುವ ಹಾಗಿರಲಿಲ್ಲ. ಕೆಸರನ್ನು ಮೇಲ್ಮಣ್ಣಿನ ಸಮೇತ ಕೆರೆದು ಲಾರಿಗಳಲ್ಲಿ ಸಾಗಿಸಿ ಹಳೆಯ ಗಣಿಹೊಂಡಕ್ಕೆ ತುಂಬಿದರು. ಅಷ್ಟಾದರೂ ಆ ನೆಲದಲ್ಲಿ ಮತ್ತೆ ಉಳುಮೆಗೆ ಒಪ್ಪಿಗೆ ಸಿಗಲಿಲ್ಲ. ಸರ್ಕಾರವೇ ಜಮೀನು ಕೊಂಡು ಕಾಡುಗಿಡ ನೆಟ್ಟು ಹಸಿರು ಪಟ್ಟಿ ಮಾಡಿತು. ತಲೆಮಾರುಗಳ ಬೇಸಾಯ ಒಂದು ಬೆಳಗಿಗೆ ಮುಗಿಯಿತು.

ಆದ್ದರಿಂದ ಹೊಳೆಯ ಹೂಳು ಬಂದರೆ ಗೊಬ್ಬರ ಎಂಬ ನಮ್ಮ ಲೆಕ್ಕ ಗಸಿಗೆ ಅನ್ವಯಿಸುವುದಿಲ್ಲ. ಹೂಳಿನಲ್ಲಿ ಎಲೆಗೊಬ್ಬರದ ಸತ್ತ್ವ ಇರುತ್ತದೆ. ಗಸಿ ಬರೀ ಕಲ್ಲುಪುಡಿ. ಒಣಗಿದರೆ ಹೆಪ್ಪುಗಟ್ಟಿ ಬೇರಿಗೆ ಗಾಳಿ ನೀರು ಬಿಡುವುದಿಲ್ಲ. ಕಬ್ಬಿಣದ ಗಸಿಗೂ ಚಿನ್ನ, ತಾಮ್ರ, ಸೀಸದ ಗಸಿಗೂ ವಿಷದಲ್ಲಿ ಅಂತರ ಉಂಟು. ಅದನ್ನು ಕಣ್ಣಿನಿಂದ ತಿಳಿಯಲಾಗದು. ಗಸಿ ಬಿದ್ದ ಹೊಲವನ್ನು ಉತ್ತು ಒಳಕ್ಕೆ ಬೆರೆಸಬೇಡಿ. ಮೇಲೆಯೇ ಇದ್ದರೆ ಕೆರೆದು ತೆಗೆಯಬಹುದು, ಬೆರೆಸಿದರೆ ತೆಗೆಯಲಾಗದು. ದನಗಳನ್ನು ಅಲ್ಲಿ ಮೇಯಲು ಬಿಡಬೇಡಿ. ಬಾವಿ, ಕೊಳವೆಬಾವಿಯ ನೀರು ಪರೀಕ್ಷೆಯಾಗುವವರೆಗೆ ಕುಡಿಯಬೇಡಿ, ಕುಡಿಸಬೇಡಿ. ಮಣ್ಣಿನ ಮಾದರಿ ಕೊಡುವಾಗ ಇದು ಗಸಿ ಬಿದ್ದ ನೆಲ, ಭಾರಲೋಹಗಳ ಪರೀಕ್ಷೆ ಆಗಬೇಕು ಎಂದು ಸ್ಪಷ್ಟವಾಗಿ ಬರೆಯಿಸಿ. ಮಾಮೂಲಿ ಸಾರಜನಕ, ರಂಜಕ, ಪೊಟ್ಯಾಷ್ ಪರೀಕ್ಷೆಯಲ್ಲಿ ಅದು ಸಿಕ್ಕುವುದಿಲ್ಲ.

ನಮ್ಮ ನಾಡಿನಲ್ಲಿ

ಇನ್ನು ನಮ್ಮ ಮನೆಯ ಮಾತಿಗೆ ಬರೋಣ. ಕುದುರೆಮುಖದ ಕಬ್ಬಿಣದ ಗಣಿ ನಿಮಗೆ ಗೊತ್ತು. 1976ರಲ್ಲಿ ಕೇಂದ್ರ ಸರ್ಕಾರದ ಕಂಪನಿ ಸ್ಥಾಪನೆಯಾಯಿತು. ಅಲ್ಲಿನ ಅದಿರು ಬಡ ಅದಿರು. ಅರೆದು ಸತ್ತ್ವ ತೆಗೆದು ಕೊಳವೆಯ ಮೂಲಕ ಮಂಗಳೂರಿಗೆ ಕಳಿಸುತ್ತಿದ್ದರು. ಉಳಿದ ಗಸಿಗಾಗಿ ಭದ್ರೆಯನ್ನು ಸೇರುವ ಲಖ್ಯಾ ಹೊಳೆಗೆ ಅಡ್ಡಲಾಗಿ ಸುಮಾರು ನೂರು ಮೀಟರ್ ಎತ್ತರದ ಏರಿ ಕಟ್ಟಿದರು. ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿನ ಪ್ರಕಾರ 2005ರ ಕೊನೆಗೆ ಗಣಿ ನಿಂತಿತು. ಯಂತ್ರ ನಿಂತವು, ಕೆಲಸಗಾರರ ಊರು ಖಾಲಿಯಾಯಿತು. ಲಖ್ಯಾ ಏರಿ ಮಾತ್ರ ಅಲ್ಲೇ ಇದೆ, ಅದರ ಹಿಂದಿನ ಗಸಿಯೂ ಇದೆ. ಮಳೆಗಾಲ ಬಂತೆಂದರೆ ಆ ಸೀಮೆಯಲ್ಲಿ ಸುರಿಯುವ ಮಳೆ ಎಂಥದೆಂದು ಕಳಸ, ಬಾಳೆಹೊನ್ನೂರಿನವರನ್ನು ಕೇಳಿ. ಅದೇ ಭದ್ರೆಯ ನೀರು ಲಕ್ಕವಳ್ಳಿಯ ಜಲಾಶಯದಲ್ಲಿ ನಿಂತು ತರೀಕೆರೆ, ಭದ್ರಾವತಿ, ದಾವಣಗೆರೆಯ ಕಡೆಯ ಗದ್ದೆ ತೋಟಗಳಿಗೆ ಹೋಗುತ್ತದೆ.

ಆ ಏರಿಗೆ ಅಪಾಯ ಬಂದಿದೆ ಎಂದು ನಾನು ಹೇಳುತ್ತಿಲ್ಲ. ಹೇಳುವುದಿಷ್ಟೇ: ಗಣಿ ನಿಂತಿತು ಎಂದು ಕಾವಲು ನಿಲ್ಲುವ ಹಾಗಿಲ್ಲ. ಬ್ರುಮಾಡಿನ್ಯೊದ ಕಟ್ಟೆಯೂ ಗಸಿ ಬಿಡುವುದು ನಿಂತು ಎರಡೂವರೆ ವರ್ಷವಾದ ಮೇಲೆ ಒಡೆದದ್ದು. ಗಣಿ ನಡೆಯುತ್ತಿರುವ ಕಡೆಯವರು, ಹಟ್ಟಿಯ ಚಿನ್ನದ ಗಣಿಯ ಸುತ್ತಲಿನವರು, ಶಾಖೋತ್ಪನ್ನ ವಿದ್ಯುತ್ ಕೇಂದ್ರಗಳ ಬೂದಿಹೊಂಡದ ಕೆಳಗಿನವರು ಸಹ ಇದೇ ಪಾಠ ಓದಬಹುದು. ಮಧ್ಯಪ್ರದೇಶದ ಸಿಂಗ್ರೌಲಿಯಲ್ಲಿ 2020ರ ಏಪ್ರಿಲಿನಲ್ಲಿ ಬೂದಿಹೊಂಡದ ಏರಿ ಒಡೆದು ಮಕ್ಕಳೂ ಸೇರಿ ಜನ ಕೊಚ್ಚಿಹೋದರು. ನಿಂತ ಬೆಳೆಯ ಮೇಲೆ ಬೂದಿ ಹರಡಿತು.

ಕೇಳಬೇಕಾದ ಪ್ರಶ್ನೆಗಳು

ನಿಮ್ಮೂರು ಇಂಥ ಯಾವುದಾದರೂ ಏರಿಯ ಕೆಳಗಿದ್ದರೆ ಗ್ರಾಮಸಭೆಯಲ್ಲಿ ಈ ಪ್ರಶ್ನೆಗಳನ್ನು ಎತ್ತಿ, ನಡಾವಳಿಯಲ್ಲಿ ಬರೆಸಿ.

1. ಏರಿಯನ್ನು ಯಾವ ರೀತಿ ಏರಿಸಿದ್ದಾರೆ - ಒಳಮುಖವೋ, ಹೊರಮುಖವೋ, ನಡುವಿನದೋ?
2. ಭದ್ರತೆಯ ಪರೀಕ್ಷೆ ಕೊನೆಯದಾಗಿ ಯಾವಾಗ ಆಯಿತು? ಮಾಡಿದವರು ಯಾರು? ಅವರನ್ನು ನೇಮಿಸಿದವರು, ಹಣ ಕೊಟ್ಟವರು ಯಾರು?
3. ಏರಿಯೊಳಗಿನ ನೀರಿನ ಮಟ್ಟ ಅಳೆಯುವ ಕೊಳವೆಗಳು ಇವೆಯೆ? ಎಷ್ಟು ದಿನಕ್ಕೊಮ್ಮೆ ಓದುತ್ತಾರೆ? ಮಟ್ಟ ಏರುತ್ತಿದೆಯೋ ಇಳಿಯುತ್ತಿದೆಯೋ?
4. ಒಡೆದರೆ ಕೆಸರು ಎಲ್ಲಿಯವರೆಗೆ, ಎಷ್ಟು ನಿಮಿಷದಲ್ಲಿ ಬರುತ್ತದೆ? ಆ ನಕ್ಷೆಯಲ್ಲಿ ನಮ್ಮ ಊರು, ಶಾಲೆ, ಅಂಗನವಾಡಿ ಇವೆಯೆ?
5. ಸೈರನ್ ಎಲ್ಲಿದೆ? ಕೆಸರಿನ ದಾರಿಯಲ್ಲೇ ಇಲ್ಲವಷ್ಟೆ? ಕೊನೆಯದಾಗಿ ಕೂಗಿಸಿ ನೋಡಿದ್ದು ಯಾವಾಗ?
6. ಗಣಿ ಮುಚ್ಚಿದ ಮೇಲೆ ಏರಿಯ ಪಾಲನೆಗೆ ಹಣ ಎಲ್ಲಿಂದ, ಹೊಣೆ ಯಾರದು?

ಯಾರನ್ನು ಕೇಳುವುದು? ಜಿಲ್ಲೆಯ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. 2005ರ ಕಾಯಿದೆಯಿಂದ ಬಂದ ಹೊಣೆ ಅದು. ಮೊದಲ ಅರ್ಜಿ ಅವರಿಗಿರಲಿ. ಗಣಿಯೊಳಗಿನ ಸುರಕ್ಷತೆ ನೋಡುವುದು ಕೇಂದ್ರದ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ. ನೀರು ಗಾಳಿಯ ಮಾಲಿನ್ಯ ನೋಡುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಕಾಯಿದೆ ಇದೆ. ಹತ್ತು ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಕೊಟ್ಟರೆ 30 ದಿನದೊಳಗೆ ಉತ್ತರ ಕೊಡಬೇಕು; ಪ್ರಾಣಕ್ಕೆ ಸಂಬಂಧಿಸಿದ್ದಾದರೆ 48 ಗಂಟೆಯೊಳಗೆ. ಸರ್ಕಾರದ ಕಂಪನಿಯನ್ನು ನೇರವಾಗಿ ಕೇಳಬಹುದು. ಖಾಸಗಿ ಕಂಪನಿಯಾದರೆ ಅದರ ವರದಿ ಇರುವ ಸರ್ಕಾರಿ ಕಚೇರಿಯನ್ನು ಕೇಳಿ. ಅರ್ಜಿಯ ನಕಲಿಗೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.

ಕಣ್ಣಿಟ್ಟು ನೋಡಬೇಕಾದ್ದು

ಏರಿಯ ಹೊರಮೈಯಲ್ಲಿ ಹೊಸದಾಗಿ ಒದ್ದೆ ಕಂಡರೆ, ಬೇಸಗೆಯಲ್ಲೂ ಒಂದೇ ಕಡೆ ಹುಲ್ಲು ಹಸಿರಾಗಿದ್ದರೆ ಅಲ್ಲಿ ಒರತೆ ಇದೆ ಎಂದು ತಿಳಿಯಿರಿ. ಜಿನುಗುವ ನೀರು ತಿಳಿಯಾಗಿದ್ದದ್ದು ಕದಡಿ ಬಂದರೆ ಏರಿಯ ಮಣ್ಣು ಒಳಗಿನಿಂದ ಕೊಚ್ಚಿಹೋಗುತ್ತಿದೆ. ಯಾವಾಗಲೂ ಬರುತ್ತಿದ್ದ ಬಸಿನೀರು ಇದ್ದಕ್ಕಿದ್ದಂತೆ ನಿಂತರೆ ಸಂತೋಷ ಪಡಬೇಡಿ, ಬಸಿಗಾಲುವೆ ಕಟ್ಟಿಕೊಂಡು ನೀರು ಒಳಗೆ ತುಂಬುತ್ತಿರಬಹುದು. ನೆತ್ತಿಯುದ್ದಕ್ಕೂ ಬಿರುಕು, ಬುಡದಲ್ಲಿ ಉಬ್ಬು, ಗೂಟ ಬೇಲಿಗಳು ವಾಲುವುದು, ಕೋಡಿ ಕಟ್ಟಿಕೊಳ್ಳುವುದು - ಇವೆಲ್ಲ ಸೂಚನೆ. ದಿನ, ಹೊತ್ತು ಬರೆದು, ಮೊಬೈಲಿನಲ್ಲಿ ಚಿತ್ರ ತೆಗೆದು ಆ ದಿನವೇ ತಾಲ್ಲೂಕು ಕಚೇರಿಗೆ ತಿಳಿಸಿ. ಏರಿಯ ಮೇಲೆ ಹತ್ತಿ ನೋಡುವ ಸಾಹಸ ಬೇಡ.

ಆದರೆ ನೆನಪಿಡಿ ಎಂದೆನಲ್ಲ: ಬ್ರುಮಾಡಿನ್ಯೊದಲ್ಲಿ ಕಣ್ಣಿಗೆ ಬೀಳುವ ಸೂಚನೆ ಇರಲಿಲ್ಲ. ಕಣ್ಣಿನ ಕಾವಲು ಬೇಕು, ಅದೊಂದೇ ಸಾಲದು. ಒಳಗಿನ ನೀರಿನ ಲೆಕ್ಕ, ಸ್ವತಂತ್ರ ಪರೀಕ್ಷೆ, ಬಹಿರಂಗ ವರದಿ - ಇವು ಇದ್ದರೆ ಮಾತ್ರ ನಮ್ಮ ಕಾವಲು ಪೂರ್ತಿ.

ಅಪಾಯದ ಗಳಿಗೆಯಲ್ಲಿ

ಸೈರನ್ ಕೂಗಿದರೆ, ಮೇಲಿನಿಂದ ಗುಡುಗಿನಂಥ ಸದ್ದು ಬಂದರೆ, ಹಳ್ಳದ ನೀರು ಒಮ್ಮೆಗೇ ಕೆಸರಾದರೆ, ಯಾರನ್ನೂ ಕೇಳುತ್ತಾ ನಿಲ್ಲಬೇಡಿ. ಕಣಿವೆಯುದ್ದಕ್ಕೆ ಓಡಬೇಡಿ, ಕೆಸರು ನಿಮಗಿಂತ ಬೇಗ ಓಡುತ್ತದೆ. ಪಕ್ಕದ ದಿಣ್ಣೆಗೆ, ಎತ್ತರಕ್ಕೆ ಅಡ್ಡಲಾಗಿ ಹತ್ತಿ. ಪೆಟ್ಟಿಗೆ ಪಾತ್ರೆಗೆ ಹಿಂದಿರುಗಬೇಡಿ. ಸೇತುವೆ ದಾಟಬೇಡಿ. ದನದ ಹಗ್ಗ ಕೈಗೆ ಸಿಕ್ಕುವಂತಿದ್ದರೆ ಬಿಚ್ಚಿಬಿಡಿ, ಅದಕ್ಕಾಗಿ ಕೊಟ್ಟಿಗೆಗೆ ಹೋಗಬೇಡಿ. ಎತ್ತರ ಸೇರಿದ ಮೇಲೆ 112ಕ್ಕೆ ಕರೆಮಾಡಿ. ಮೊದಲ ಅಲೆ ನಿಂತಿತೆಂದು ಇಳಿಯಬೇಡಿ, ಎರಡನೆಯದು ಬರಬಹುದು. ಹಗಲು ಯಾವ ದಾರಿ, ರಾತ್ರಿ ಯಾವ ದಾರಿ, ಮುದುಕರನ್ನು ಯಾರು ಎತ್ತಿಕೊಳ್ಳಬೇಕು, ಶಾಲೆಯ ಮಕ್ಕಳು ಯಾವ ದಿಣ್ಣೆಗೆ ಹೋಗಬೇಕು - ಇದನ್ನು ಮನೆಮಂದಿ ಇವತ್ತೇ ಕುಳಿತು ಮಾತಾಡಿಕೊಳ್ಳಿ. ಮಳೆಗಾಲಕ್ಕೆ ಮುಂಚೆ ಒಂದು ಸಲ ಊರವರೆಲ್ಲ ನಡೆದು ನೋಡಿ.

ಅಪಾಯ ಬರುವ ಮೊದಲೇ ಜನರನ್ನು ಎಬ್ಬಿಸುವುದು ಸಾಧ್ಯವೆ? ಸಾಧ್ಯ. ಬ್ರುಮಾಡಿನ್ಯೊ ಆಗಿ ಎರಡೇ ವಾರಕ್ಕೆ, 2019ರ ಫೆಬ್ರವರಿ 8ರಂದು, ಅದೇ ಪ್ರಾಂತ್ಯದ ಬರಾವ್ ದೆ ಕೊಕಾಯಿಸ್ ಎಂಬಲ್ಲಿ ಇನ್ನೊಂದು ಗಸಿಕಟ್ಟೆಗೆ ಭದ್ರತೆಯ ರುಜು ಹಾಕಲು ಪರೀಕ್ಷಕರು ಒಪ್ಪಲಿಲ್ಲ. ಕೂಡಲೆ ಸೈರನ್ ಕೂಗಿಸಿ ಸುಮಾರು 500 ಜನರನ್ನು ಮನೆ ಬಿಡಿಸಿದರು. ಮನೆ ಬಿಡುವುದು ಸಣ್ಣ ಸಂಕಟವಲ್ಲ. ಆದರೆ ಅವರೆಲ್ಲ ಅಪಾಯದ ದಾರಿಯಿಂದ ದೂರವಾದರು. ಒಂದು ರುಜು ಹಾಕದೆ ನಿಂತ ಕೈಗೆ ಇಷ್ಟು ಶಕ್ತಿ ಇದೆ.

ಇಲ್ಲಿಗೆ ಮುಖ್ಯ ಮಾತುಗಳನ್ನು ಒಟ್ಟು ಮಾಡಿ ಹೇಳುತ್ತೇನೆ. ಗಸಿಕಟ್ಟೆಗೆ ನೀರೇ ವೈರಿ. ಗಣಿ ಮುಚ್ಚಿದರೂ ಕಾವಲು ಮುಚ್ಚಬಾರದು. ಪರೀಕ್ಷೆ ಮಾಡುವವನು ಯಜಮಾನನ ಮುಲಾಜಿನಲ್ಲಿರಬಾರದು. ವರದಿ ಏರಿಯ ಕೆಳಗಿನವರಿಗೆ ಸಿಕ್ಕಬೇಕು. ಮುಂದಿನ ಗ್ರಾಮಸಭೆಗೆ ಹೋಗುವಾಗ ಆ ಆರು ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಓದು ಬಾರದ ಹಿರಿಯರಿಗೆ ಓದಿ ಹೇಳಿ.